ಥಾರ್ಗೇಟಿನ ಡಚೆಸ್: ಮಧ್ಯದ ಪೆಡಲು

ಸ್ಪ್ರಿಂಗು ಸರಿಯಾಗಿಯೇ ಇತ್ತು.

ಮೂರು ಸಲ ಎಳೆದು ನೋಡಿದೆ. ಮೂರು ಸಲವೂ ಟಪ್ಪನೆ ವಾಪಸು ಹೋಯಿತು. ಅದರ ಪಿನ್ನು ಕೂಡ ತನ್ನ ತೂತಿನಲ್ಲಿ ಭದ್ರವಾಗಿ ಕೂತಿತ್ತು. ಥೆಲ್ಮಾ ಪಿನ್ನಿನ ಎರಡು ತುದಿಗಳನ್ನು ಯಾವಾಗಲೂ ಹೇಗೆ ಮಡಚುತ್ತಾಳೋ ಹಾಗೇ ಮಡಚಿದ್ದಳು, ಒಂದಿಷ್ಟೂ ಅಲ್ಲಾಡಿರಲಿಲ್ಲ.

ಎಪ್ಪತ್ತೊಂದು ವರ್ಷದ ಮುದುಕ ಜಜ್ಜಿಹೋದ ರೇಸ್ ಕಾರಿನೊಳಗೆ ತಲೆ ಕೆಳಗೆ, ಕಾಲು ಮೇಲೆ ಮಾಡಿಕೊಂಡು, ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಬಿದ್ದಿರಬಾರದು. ನನಗೇನು ಚಪಲವೇ? ಒಂಬತ್ತು ದಿನದ ಹಿಂದೆ, ಶನಿವಾರ, ನಮ್ಮ ಕ್ಲಬ್ಬಿನ ಕಾರ್ ಓಟದಲ್ಲಿ ಇದೇ ಕಾರು ಥಾರ್ಗೇಟ್ ಏರೋಡ್ರೋಮಿನ ರನ್‌ವೇ ಮುಗಿದರೂ ನಿಲ್ಲದೆ ಕೊನೆಯ ಕಾಂಕ್ರೀಟ್ ಗೋಡೆಗೆ ನುಗ್ಗಿ ನನ್ನ ಗೆಳೆಯ ಆಬ್ರಿ ಹ್ಯಾಲಂನನ್ನು ಕೊಂದಿತ್ತು. ಅವತ್ತು ಬೆಳಗ್ಗೆ ಈ ಕಾರನ್ನು ತಪಾಸಣೆ ಮಾಡಿ, ಓಡಿಸಬಹುದು ಅಂತ ಸಹಿ ಹಾಕಿದವನು ನಾನು, ವಿಲ್ಫ್ರೆಡ್ ಸ್ನೇತ್.

ಪೊಲೀಸರ ಲೆಕ್ಕಾಚಾರ ಸರಳ. ಓಟ ಮುಗಿಯುವ ಗೆರೆ ದಾಟಿದ ಮೇಲೆ ಎಂಜಿನ್ ಅಬ್ಬರಿಸಿದ್ದನ್ನು ಇನ್ನೂರು ಜನ ಕೇಳಿದ್ದಾರೆ. ಅಂದರೆ ವಾಪಸೆಳೆಯುವ ಸ್ಪ್ರಿಂಗು ಕೈಕೊಟ್ಟು ಆಕ್ಸಿಲರೇಟರು ಸಿಕ್ಕಿಕೊಂಡಿತು. ಅದನ್ನು ಜೋಡಿಸಿದವಳು ಆಬ್ರಿಯ ಮೆಕ್ಯಾನಿಕ್ ಥೆಲ್ಮಾ ಗ್ರಿಗ್ಸ್. ಹಾಗಾಗಿ ತಪ್ಪು ಅವಳದೇ. ನಾಳೆ ಬೆಳಗ್ಗೆ ಹತ್ತಕ್ಕೆ ಸಾವಿನ ವಿಚಾರಣೆ. ಅಲ್ಲೂ ಇದೇ ಮಾತು ನಿಂತರೆ ಐವತ್ತೆಂಟು ವರ್ಷದ ಆ ಹೆಂಗಸು ನೇರವಾಗಿ ಜೈಲಿಗೆ ಹೋಗುತ್ತಾಳೆ.

ಥೆಲ್ಮಾ ಕಟ್ಟಿದ ಎಂಜಿನ್ ದಾರಿಯಲ್ಲಿ ಕೈಕೊಟ್ಟದ್ದನ್ನು ನಾನು ಮೂವತ್ತು ವರ್ಷದಲ್ಲಿ ಒಂದು ಸಲವೂ ನೋಡಿಲ್ಲ. ಅದಕ್ಕೇ ಇನ್‌ಸ್ಪೆಕ್ಟರ್ ಡಾಕಿನ್ ಹತ್ತಿರ ಕಾಡಿ ಬೇಡಿ, ವಿಚಾರಣೆಗೆ ಮೊದಲು ಒಂದು ಬೆಳಗ್ಗೆ ಕಾರು ನೋಡಲು ಅನುಮತಿ ತಗೊಂಡು ಬಂದಿದ್ದೆ.

ಹ್ಯಾಂಗರಿನ ತಗಡಿಗೆ ಗಾಳಿ ಬಡಿಯುತ್ತಿತ್ತು. ಹೊರಗೆ ಬೀಟ್‌ರೂಟ್ ಹೊಲಗಳ ಮೇಲೆ ನವೆಂಬರಿನ ಬೂದು ಮಂಜು. ಲಿಂಕನ್‌ಶೈರಿನ ಈ ಭಾಗದಲ್ಲಿ ಇನ್ನು ಮಾರ್ಚಿನವರೆಗೆ ಇದೇ ಗೋಳು. ಆಚೆ ಮೂಲೆಯಲ್ಲಿ ಆಬ್ರಿಯ ಎರಡಂತಸ್ತು ರೆಕ್ಕೆಯ ಹಳೇ ವಿಮಾನ ಮೂತಿಗೆ ಚೀಲ ಕಟ್ಟಿಸಿಕೊಂಡು ನಿಂತಿತ್ತು. ಅದರ ಪಕ್ಕದ ಗೂಟದಲ್ಲಿ ಅವನ ಚರ್ಮದ ಕೋಟು ಇನ್ನೂ ನೇತಾಡುತ್ತಿತ್ತು. ಅದನ್ನು ತೆಗೆಯುವ ಧೈರ್ಯ ಯಾರಿಗೂ ಬಂದಿರಲಿಲ್ಲ, ನನಗೂ ಬರಲಿಲ್ಲ.

ಸ್ಪ್ರಿಂಗ್ ಸರಿ. ಹಾಗಾದರೆ ಎಂಜಿನ್ ಯಾಕೆ ಅಬ್ಬರಿಸಿತು?

ಏಳೋಣ ಅಂತ ಕೈ ಊರಿದೆ. ಊರಿದ್ದು ಪೆಡಲಿನ ಮೇಲೆ. ಅಗಲವಾದ, ಗೀರುಗೀರಿನ ತಟ್ಟೆ. ಬ್ರೇಕು.

ಅರೆ!

ಟಾರ್ಚು ಬಿಟ್ಟು ಮತ್ತೆ ತಡವಿದೆ. ಎಡಗಡೆ ಕ್ಲಚ್ಚು. ಮಧ್ಯದಲ್ಲಿ ಬ್ರೇಕು. ಬಲಗಡೆ ಆಕ್ಸಿಲರೇಟರು.

ಯಾವನಾದರೂ ಹಾಲಿನ ವ್ಯಾನ್ ಓಡಿಸುವವನಿಗೆ ತೋರಿಸಿದರೆ, "ಇದರಲ್ಲೇನಿದೆ ತಾತ, ಹೀಗೇ ತಾನೇ ಇರೋದು" ಅಂದುಬಿಟ್ಟಾನು. ಡಚೆಸ್‌ನಲ್ಲಿ ಹೀಗಿರೋದಿಲ್ಲ. ಡಚೆಸ್ ಅಂದರೆ ಈ ಕಾರು. ಸಾವಿರದ ಒಂಬೈನೂರ ಇಪ್ಪತ್ತಮೂರರ ಚಾಸಿಗೆ ಮೊದಲನೇ ಯುದ್ಧದ ವಿಮಾನದ ಎಂಜಿನ್ ಕೂರಿಸಿ ಆಬ್ರಿ ತನ್ನ ಕೈಯಾರೆ ಕಟ್ಟಿಕೊಂಡ ರಾಕ್ಷಸಿ. ಅಂದಿನ ಎಷ್ಟೋ ರೇಸ್ ಕಾರುಗಳ ಹಾಗೆ ಇದರಲ್ಲಿ ಆಕ್ಸಿಲರೇಟರು ಮಧ್ಯದಲ್ಲಿ, ಬ್ರೇಕು ಬಲಗಡೆ. ಹೊಸಬರಿಗೆ ತಲೆ ಕೆಡುತ್ತದೆ. ಆಬ್ರಿ ಮೂವತ್ತು ವರ್ಷ ಹಾಗೇ ಓಡಿಸಿದ್ದ. ಅವನ ಕಾಲಿಗೆ ಯೋಚನೆಯೇ ಬೇಕಿರಲಿಲ್ಲ.

ಬಲಗಡೆಯ ಪೆಡಲಿಗೆ ಬೆಳಕು ಹಿಡಿದೆ. ಹೆಬ್ಬೆರಳು ದಪ್ಪದ ಕಬ್ಬಿಣದ ತೋಳು ಮುಂದಕ್ಕೆ ಬಾಗಿಹೋಗಿತ್ತು. ಜೀವದ ಆಸೆಗೆ ಬಿದ್ದ ಮನುಷ್ಯ ಇದ್ದಬಿದ್ದ ಬಲವನ್ನೆಲ್ಲ ಹಾಕಿ ತುಳಿದಿದ್ದ. ಬ್ರೇಕು ಅಂದುಕೊಂಡು ತುಳಿದಿದ್ದ. ತುಳಿದಷ್ಟೂ ಡಚೆಸ್ ಮುಂದಕ್ಕೆ ನುಗ್ಗಿದ್ದಳು.

ಅಯ್ಯೋ ಆಬ್ರಿ! ಸುಳ್ಳು ಯಾಕೆ ಹೇಳಲಿ, ಅಲ್ಲೇ ತಲೆಕೆಳಗಾಗಿ ಬಿದ್ದುಕೊಂಡು ಅತ್ತೆ.

ಅತ್ತು ಮುಗಿದ ಮೇಲೆ ತಲೆ ಕೆಲಸ ಮಾಡಿತು. ಪೆಡಲು ಅದಲುಬದಲಾಗಿದ್ದರೆ ಹೊರಡುವಾಗಲೇ ಅವನಿಗೆ ಗೊತ್ತಾಗಬೇಕಿತ್ತಲ್ಲ? ಮಧ್ಯದ್ದನ್ನು ತುಳಿದರೆ ಕಾರು ಕದಲುತ್ತಲೇ ಇರಲಿಲ್ಲ.

ಆಮೇಲೆ ಸ್ಟೀರಿಂಗಿನ ಪಕ್ಕದ ಹಿತ್ತಾಳೆ ಲಿವರಿನ ಮೇಲೆ ಕಣ್ಣು ಬಿತ್ತು. ಆಬ್ರಿ ಎರಡನೇ ಯುದ್ಧದಲ್ಲಿ ಬಾಂಬರ್ ವಿಮಾನ ಹಾರಿಸಿದವನು. ಬಲ ಮಂಡಿ ಅಲ್ಲೇ ಹಾಳಾದದ್ದು. ಹಾಗಾಗಿ ನೇರ ರನ್‌ವೇ ಮೇಲಿನ ಓಟದಲ್ಲಿ ಅವನು ಆಕ್ಸಿಲರೇಟರ್ ಪೆಡಲನ್ನು ಮುಟ್ಟುತ್ತಲೇ ಇರಲಿಲ್ಲ. ವಿಮಾನ ಎಬ್ಬಿಸುವವನ ಹಾಗೆ, ವೇಗ ಏರಿಸುವ ಈ ಕೈ ಲಿವರನ್ನೇ ತಳ್ಳಿಕೊಂಡು ಹೋಗುತ್ತಿದ್ದ. ಗೆರೆ ದಾಟಿದ ಮೇಲೆ ಲಿವರು ಹಿಂದಕ್ಕೆ, ಬಲಗಾಲು ಬ್ರೇಕಿಗೆ. ಇಡೀ ಓಟದಲ್ಲಿ ಬಲಗಾಲಿಗೆ ಕೆಲಸ ಅದೊಂದೇ.

ಅವತ್ತು ಗೆರೆ ದಾಟಿದ ಕೂಡಲೇ ಸದ್ದು ಒಂದು ಕ್ಷಣ ತಗ್ಗಿತ್ತು. ನಾನೇ ಕೇಳಿದ್ದೆ. ತಗ್ಗಿ, ಆಮೇಲೆ ಅಬ್ಬರಿಸಿತ್ತು. ಸಿಕ್ಕಿಕೊಂಡ ಆಕ್ಸಿಲರೇಟರು ಹಾಗೆ ಮಾಡೋದಿಲ್ಲ.

ಪೆಡಲು ಬದಲಿಸೋದು ದೊಡ್ಡ ಕೆಲಸವಲ್ಲ. ಬೇರೆಯವರು ಓಡಿಸಲು ಅನುಕೂಲವಾಗಲಿ ಅಂತ ಥೆಲ್ಮಾನೇ ಹಾಗೆ ಮಾಡಿಟ್ಟಿದ್ದಳು. ಎರಡು ಬೋಲ್ಟು, ಒಂದು ಸ್ಪ್ಯಾನರು, ಅರ್ಧ ಗಂಟೆ. ನನ್ನನ್ನು ಬಿಟ್ಟರೆ ಮಾಡಲು ಗೊತ್ತಿದ್ದವರು ಇಬ್ಬರೇ. ಒಬ್ಬಳು ಥೆಲ್ಮಾ. ಇನ್ನೊಬ್ಬ—

"ಏನ್ ಯಜಮಾನ್ರೇ, ಕಾಲಷ್ಟೇ ಕಾಣ್ತಿದೆ! ಸತ್ತೇ ಹೋದ್ರೇನೋ ಅಂದ್ಕೊಂಡೆ."

ಇನ್ನೊಬ್ಬ ಆಬ್ರಿಯ ಸೋದರಳಿಯ, ಲಯನೆಲ್ ಕ್ರೇನ್. ನಲವತ್ತು ವರ್ಷ, ಒಳ್ಳೇ ಬೂಟು, ನಯವಾದ ಮಾತು. ಕೈಯಲ್ಲಿ ಚಹದ ಮಗ್ಗು ಹಿಡಿದುಕೊಂಡು ಹ್ಯಾಂಗರಿನ ಬಾಗಿಲಲ್ಲಿ ನಿಂತಿದ್ದ. ಈಗ ಈ ಹ್ಯಾಂಗರು, ವಿಮಾನ, ಕಾರು, ರನ್‌ವೇ ಎಲ್ಲ ಅವನದೇ. ಆಬ್ರಿ ಇವನ್ನೆಲ್ಲ ನಮ್ಮ ಕ್ಲಬ್ಬಿಗೆ ಬರೆದುಕೊಡಬೇಕು ಅಂತಿದ್ದ. ಕಾಗದಕ್ಕೆ ಸೋಮವಾರ ಸಹಿ ಹಾಕೋದಿತ್ತು. ಶನಿವಾರವೇ ಸತ್ತ.

ತೆವಳಿಕೊಂಡು ಹೊರಗೆ ಬಂದೆ. ಮಂಡಿ ಎರಡೂ ಲಟಲಟ ಅಂದವು. ಅವನು ಕೈ ಕೊಡಲು ಬಂದ, ನಾನು ಹಿಡಿಯಲಿಲ್ಲ.

"ಪೆಡಲು ಬದಲಾಯಿಸಿದ್ದು ಯಾರು?"

"ಯಾವ ಪೆಡಲು?"

"ನಾಟಕ ಬೇಡ ಲಯನೆಲ್. ನಾನು ನಿನ್ನ ಮಾವನ ಜೊತೆ ಕಾರು ಬಿಚ್ಚೋಕೆ ಶುರು ಮಾಡಿದಾಗ ನೀನು ಚಡ್ಡಿ ಹಾಕ್ಕೊಳ್ಳೋದು ಕಲೀತಿದ್ದೆ."

ಅವನು ನಕ್ಕ. ಚಹ ಒಂದು ಗುಟುಕು ಕುಡಿದ. ಆಮೇಲೆ ತೀರಾ ಸಲೀಸಾಗಿ ಹೇಳಿದ: "ಥೆಲ್ಮಾ. ನಾನೇ ಮಾಡಿಸಿದ್ದು. ಶನಿವಾರ ಮಾವನ ಓಟ ಆದ್ಮೇಲೆ ನಾನೂ ಡಚೆಸ್ ಓಡಿಸೋದಿತ್ತಲ್ಲ? ನಂಗೆ ಆ ಹುಚ್ಚು ಪೆಡಲು ಅಭ್ಯಾಸ ಇಲ್ಲ. ಶುಕ್ರವಾರ ಸಂಜೆ ಬದಲಾಯಿಸಿ ಕೊಟ್ಲು, ಎರಡು ಸುತ್ತು ಓಡಿಸಿ ನೋಡ್ದೆ. ಶನಿವಾರ ಬೆಳಗ್ಗೆ ಅವಳು ವಾಪಸ್ ಹಾಕ್ಬೇಕಿತ್ತು. ಅಷ್ಟರಲ್ಲಿ ವಿಮಾನದಲ್ಲಿ ಪೆಟ್ರೋಲ್ ಸೋರ್ತಿದೆ ಅಂತ ಯಾರೋ ಕರೆದ್ರು, ಅವಳು ಆ ಕಡೆ ಹೋದ್ಲು."

"ಇದನ್ನ ಪೊಲೀಸರಿಗೆ ಹೇಳಿದೀಯಾ?"

"ಅವರು ಕೇಳಲಿಲ್ಲ."

"ಥೂ ನಿನ್ನ!" ಅಂದೆ. ಬಾಯಿಗೆ ಬಂದದ್ದು ಅಷ್ಟೇ. "ಆ ಹೆಂಗಸು ಜೈಲಿಗೆ ಹೋಗ್ತಾಳೆ ಕಣೋ."

"ನಾನೇನ್ರೀ ಮಾಡ್ಲಿ? ಅವಳೂ ಹೇಳಿಲ್ವಲ್ಲ! ಒಂಬತ್ತು ದಿನದಿಂದ ಬಾಯಿ ಹೊಲಿದುಕೊಂಡು ಕೂತಿದಾಳೆ. ಯಾಕೆ ಅಂತ ಅವಳನ್ನೇ ಕೇಳಿ."

ಅದು ನಿಜ. ಹೆದರಿರಬೇಕು ಅಂದುಕೊಂಡೆ.

"ಮಾವ ಕೂರೋಕೆ ಮುಂಚೆ ಅವನಿಗೆ ಹೇಳ್ಬೇಕು ಅಂತ ನಿಂಗೆ ಅನ್ನಿಸಲಿಲ್ವಾ?"

"ಹೇಳೋದೇನು ಬಂತು? ಕೆಂಪು ಬಟ್ಟೆ ಕಟ್ಟಿದ್ಲಲ್ಲ." ಲಯನೆಲ್ ಮಗ್ಗನ್ನು ಡಚೆಸ್‌ನ ಹರಿದ ಬಾನೆಟ್ಟಿನ ಮೇಲೆ ಇಟ್ಟ. ಅಲ್ಲಿ ಇಡುವ ಮನಸ್ಸಾದರೂ ಹೇಗೆ ಬಂತೋ ಅವನಿಗೆ. "ಈ ಹ್ಯಾಂಗರಿನ ಪದ್ಧತಿ ನಿಮಗೆ ಗೊತ್ತಿಲ್ವಾ? ಯಂತ್ರದ ಪೆಡಲು, ಲಿವರುಗಳಲ್ಲಿ ಏನೇ ಬದಲಾವಣೆ ಮಾಡಿದ್ರೂ ಹಿಡಿಗೆ ಕೆಂಪು ಬಟ್ಟೆ ಕಟ್ಬೇಕು. ಓಡಿಸೋನೇ ಅದನ್ನ ಬಿಚ್ಬೇಕು, ಅದೂ ಏನು ಬದಲಾಗಿದೆ ಅಂತ ಕೇಳಿದ್ಮೇಲೆ. ಮಾವ ಯುದ್ಧದಿಂದ ತಂದ ಪದ್ಧತಿ. ಥೆಲ್ಮಾ ಶುಕ್ರವಾರ ಸಂಜೆ ಸ್ಟೀರಿಂಗಿಗೆ ಗಂಟು ಹಾಕಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಶನಿವಾರ ಏಳೂವರೆಗೂ ಅದು ಅಲ್ಲೇ ಇತ್ತು."

"ಆಮೇಲೆ?"

"ಆಮೇಲೆ ಎಂಟು ಗಂಟೆಗೆ ತಪಾಸಣೆ." ಅವನು ನನ್ನನ್ನೇ ನೋಡಿದ. "ಅದಾದ್ಮೇಲೆ ಇರಲಿಲ್ಲ."

ನಾನು ಸ್ಟೀರಿಂಗಿನ ಕಡೆ ತಿರುಗಿದೆ.

ಅವತ್ತು ಬೆಳಗ್ಗೆ ಐವತ್ತಮೂರು ಕಾರು ನೋಡಿದ್ದೆ. ಚಕ್ರ ಅಲ್ಲಾಡಿಸು, ಸ್ಟೀರಿಂಗ್ ತಿರುಗಿಸು, ಕೆಳಗೆ ಎಣ್ಣೆ ಸೋರುತ್ತಿದೆಯಾ ನೋಡು, ಕೂರುವ ಜಾಗದಲ್ಲಿ ಸಡಿಲವಾಗಿರೋ ಏನಿದ್ದರೂ ಕಿತ್ತು ಬಿಸಾಕು. ಓಟದ ಮಧ್ಯೆ ಒಂದು ಚಿಂದಿ ಹಾರಿ ಮುಖಕ್ಕೆ ಬಡಿದರೂ ಸಾಕು, ಪ್ರಾಣ ಹೋಗುತ್ತದೆ. ಡಚೆಸ್‌ಗೆ ನಾಲ್ಕು ನಿಮಿಷ ಕೊಟ್ಟಿದ್ದೆ. ಮೂವತ್ತು ವರ್ಷದಿಂದ ಬಲ್ಲ ಕಾರು, ಅದರ ಪೆಡಲನ್ನು ಏನಂತ ಬಗ್ಗಿ ನೋಡಲಿ? ಸ್ಟೀರಿಂಗಿನಲ್ಲಿ ಏನೋ ಕೆಂಪಗೆ ಜೋತಾಡುತ್ತಿತ್ತು. ಬಿಚ್ಚಿದೆ. ಕಸದ ಡಬ್ಬಿಗೆ ಹಾಕಿದೆ. ಆಬ್ರಿ ಜೊತೆ ಹವಾಮಾನದ ಬಗ್ಗೆ ಹರಟುತ್ತಾ ಬಿಚ್ಚಿದೆ.

ಕೆಂಪು ಬಟ್ಟೆಯ ಪದ್ಧತಿ ನನಗೆ ಗೊತ್ತಿರಲಿಲ್ಲ ಅಂತಲ್ಲ. ಗೊತ್ತಿತ್ತು. ಅದು ವಿಮಾನದವರದು ಅಂದುಕೊಂಡಿದ್ದೆ. ನಾನು ಕಾರಿನವನು. ಅವರ ರೆಕ್ಕೆ, ಅವರ ಹಗ್ಗ, ಅವರ ಬಟ್ಟೆ ಚೂರು ನನಗೆ ಯಾಕೆ? ಕಾರಿಗೂ ಅದನ್ನು ಕಟ್ಟುತ್ತಾರೆ ಅಂತ ನನ್ನ ಮಂಡೆಗೆ ಹೊಳೆಯಲೇ ಇಲ್ಲ.

"ನಾನೇ ಬಿಚ್ಚಿದ್ದು," ಅಂದೆ. ಸ್ವರ ನನ್ನದೇ ಅಂತ ಅನ್ನಿಸಲಿಲ್ಲ.

"ಗೊತ್ತು. ನೋಡ್ದೆ."

"ನೋಡ್ದೆಯಾ?"

"ಆ ವಿಮಾನದ ಪಕ್ಕ ನಿಂತಿದ್ದೆ."

ಒಂದು ಗಳಿಗೆ ಬೇಕಾಯಿತು ಅದು ಒಳಗಿಳಿಯಲು. ನೋಡಿದ್ದಾನೆ. ಬಟ್ಟೆ ಹೋದದ್ದು ಅವನಿಗೆ ಗೊತ್ತು. ಪೆಡಲು ವಾಪಸು ಹಾಕಿಲ್ಲ ಅನ್ನೋದೂ ಗೊತ್ತು. ಮಾವ ಕೈ ಲಿವರಿನಲ್ಲೇ ಓಡಿಸುತ್ತಾನೆ, ಕಾಲಿಡೋದು ಕೊನೆಯಲ್ಲಿ ಅನ್ನೋದಂತೂ ಚಿಕ್ಕಂದಿನಿಂದ ಗೊತ್ತು.

"ಲಯನೆಲ್, ಆಬ್ರಿಗೆ ಮಂಡಿ ನೋವು. ಆ ಕಾರಿಗೆ ಅವನನ್ನ ಕಂಕುಳಿಗೆ ಕೈ ಕೊಟ್ಟು ಹತ್ತಿಸಿದೋನು ನೀನು."

"ಹೌದು."

"ಕನ್ನಡಕ ಒರೆಸಿ ಕೊಟ್ಟೋನು ನೀನು."

"ಹೌದು."

"ಎಂಜಿನ್ ಬಿಸಿ ಆಗೋಕೆ ಎಷ್ಟು ಹೊತ್ತು ಬೇಕು? ಹತ್ತು ನಿಮಿಷ? ಹತ್ತು ನಿಮಿಷ ಪಕ್ಕದಲ್ಲಿ ನಿಂತಿದ್ದೆ. 'ಮಾವ, ಪೆಡಲು ಬೇರೆ ಇದೆ' ಅಂತ ಒಂದು ಮಾತು ಬರಲಿಲ್ವಾ ನಿನ್ನ ಬಾಯಿಗೆ?"

ಲಯನೆಲ್ ಗಡ್ಡ ಕೆರೆದುಕೊಂಡ. "ನೀವು ಹೇಳಿರ್ತೀರಿ ಅಂದ್ಕೊಂಡೆ. ಬಟ್ಟೆ ಬಿಚ್ಚಿದೋರು ನೀವು. ಮಾವನ ಜೊತೆ ಮಾತಾಡ್ತಾ ಬಿಚ್ಚಿದ್ರಿ. ಕೋರ್ಟಲ್ಲಿ ಯಾರು ಕೇಳಿದ್ರೂ ನಾನು ಇಷ್ಟೇ ಹೇಳೋದು. ತಪ್ಪೇನಿದೆ ಹೇಳಿ?"

ತಪ್ಪು ಹುಡುಕಲು ಆಗಲಿಲ್ಲ. ಕೊಂದವನು ಅವನು, ಆದರೆ ಒಂದು ಬೆರಳೂ ಆಡಿಸಿಲ್ಲ. ಬೆರಳು ಆಡಿಸಿದವನು ನಾನು.

"ನೋಡಿ," ಅವನು ಸ್ವರ ತಗ್ಗಿಸಿದ. "ಸ್ಪ್ರಿಂಗ್ ಸಿಕ್ಕಿಕೊಳ್ತು ಅಂತ ಎಲ್ಲರೂ ನಂಬಿದಾರೆ. ಥೆಲ್ಮಾಗೆ ಒಂದೋ ಎರಡೋ ವರ್ಷ ಆಗ್ಬಹುದು, ಅದೂ ಆದ್ರೆ. ನೀವು ಬಾಯಿ ಬಿಟ್ರೆ ಊರು ಏನನ್ನತ್ತೆ? ನಲವತ್ತು ವರ್ಷ ತಪಾಸಣೆ ಮಾಡಿದ ಸ್ನೇತ್ ಗೆಳೆಯನನ್ನೇ ಕೊಂದ ಅನ್ನತ್ತೆ. ಈ ವಯಸ್ಸಲ್ಲಿ ಬೇಕಾ ನಿಮಗೆ? ಮನೆಗೆ ಹೋಗಿ. ಬಿಸಿಯಾಗಿ ಏನಾದ್ರೂ ತಿನ್ನಿ."

ಬೇಕಾ? ನಿಜ ಹೇಳುತ್ತೇನೆ, ಒಂದು ಕ್ಷಣ ಬೇಡ ಅನ್ನಿಸಿತು. ಆ ಒಂದು ಕ್ಷಣದ ನಾಚಿಕೆ ನನ್ನನ್ನು ಸಾಯುವವರೆಗೂ ಬಿಡುವುದಿಲ್ಲ.

ಟೋಪಿ ಹಾಕಿಕೊಂಡೆ. ನನ್ನ ಸ್ಪ್ಯಾನರಿನ ಪೆಟ್ಟಿಗೆಯನ್ನೂ ಅಲ್ಲೇ ಬಿಟ್ಟು ಹೊರಟೆ.

ಕ್ಲಬ್ಬಿನ ಕಚೇರಿಯಲ್ಲಿ ಫೋನಿದೆ, ಹ್ಯಾಂಗರಿನಿಂದ ಕಾಲು ಮೈಲಿ. ಗಾಳಿಗೆ ಎದುರಾಗಿ ನಡೆದು ಹೋಗಿ ಪೊಲೀಸ್ ಠಾಣೆಗೆ ಫೋನ್ ಮಾಡಿದೆ. ಡಾಕಿನ್ನೇ ಎತ್ತಿಕೊಂಡ.

"ಸ್ನೇತ್? ಈಗ ಬೇಡ ಮಾರಾಯರೇ. ಮಿಸ್ ಗ್ರಿಗ್ಸ್ ನನ್ನ ಎದುರಿಗೇ ಕೂತಿದಾರೆ."

"ಅವಳನ್ನೂ ಕರ್ಕೊಂಡು ಇಲ್ಲಿಗೆ ಬನ್ನಿ. ಸ್ಪ್ರಿಂಗಲ್ಲಿ ಏನೂ ದೋಷ ಇಲ್ಲ. ಪೆಡಲು ಅದಲುಬದಲಾಗಿದೆ. ಅದಕ್ಕೆ ಗುರುತು ಅಂತ ಅವಳು ಕಟ್ಟಿದ್ದ ಕೆಂಪು ಬಟ್ಟೇನ ಬಿಚ್ಚಿ ಬಿಸಾಕಿದೋನು ನಾನು. ಬರ್ಕೊಳ್ಳಿ. ನಾನು, ವಿಲ್ಫ್ರೆಡ್ ಸ್ನೇತ್. ಅದನ್ನ ನೋಡಿಯೂ ಸುಮ್ಮನಿದ್ದೋನು ಲಯನೆಲ್ ಕ್ರೇನ್."

ಆ ಕಡೆ ಪೆನ್ನು ಕೆರೆಯುವ ಸದ್ದು ಕೇಳಿಸಿತು. "ಮುಕ್ಕಾಲು ಗಂಟೇಲಿ ಬರ್ತೀವಿ," ಅಂದ.

ಫೋನ್ ಇಟ್ಟಾಗ ಹತ್ತು ವರ್ಷ ಚಿಕ್ಕವನಾದ ಹಾಗೆ ಅನ್ನಿಸಿತು. ಹೆಸರು ಹೋದರೆ ಹೋಗಲಿ, ಥೆಲ್ಮಾ ಉಳಿದಳಲ್ಲ. ಹೀಟರಿನ ಪಕ್ಕ ಕೂತು, ಫ್ಲಾಸ್ಕಿನ ಚಹ ಬಗ್ಗಿಸಿಕೊಂಡು, ಕಟ್ಟಿಸಿಕೊಂಡು ಬಂದಿದ್ದ ಹಂದಿಮಾಂಸದ ಬ್ರೆಡ್ಡು ತಿಂದೆ. ಒಂಬತ್ತು ದಿನದಲ್ಲಿ ಮೊದಲ ಸಲ ನಾಲಗೆಗೆ ರುಚಿ ಹತ್ತಿತು. ಲಯನೆಲ್ ಮುಖ ಇನ್ನೊಮ್ಮೆ ನೋಡುವ ಮನಸ್ಸಿರಲಿಲ್ಲ, ಅದಕ್ಕೇ ಹ್ಯಾಂಗರಿಗೆ ವಾಪಸು ಹೋಗಲಿಲ್ಲ.

ನನ್ನಂಥ ಪೆದ್ದ ಇನ್ನೊಬ್ಬ ಹುಟ್ಟಿರಲಿಕ್ಕಿಲ್ಲ.

ಡಾಕಿನ್ನನ ಕಾರು ಬಂದು ನಿಂತಿತು. ಹಿಂದಿನ ಬಾಗಿಲಿನಿಂದ ಥೆಲ್ಮಾ ಇಳಿದಳು. ಅದೇ ನೀಲಿ ಮೇಲಂಗಿ. ಉಗುರುಸಂದಿಯಲ್ಲಿ ಅದೇ ಕರಿ ಗ್ರೀಸು. ಮುಖ ಮಾತ್ರ ಬಿಳಿಚಿಕೊಂಡಿತ್ತು. ಹತ್ತಿರ ಹೋಗಿ ಕೈ ಹಿಡಿದುಕೊಂಡೆ.

"ಹೆದರ್ಬೇಡ ಕಣೇ. ಎಲ್ಲಾ ಹೇಳಿದೀನಿ. ತಪ್ಪು ನಂದು."

ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು.

ಹ್ಯಾಂಗರಿನಲ್ಲಿ ಲಯನೆಲ್ ವಿಮಾನದ ರೆಕ್ಕೆಯ ಧೂಳು ಒರೆಸುತ್ತಿದ್ದ. ನಮ್ಮನ್ನು ನೋಡಿ ತಲೆಯಾಡಿಸಿದ.

"ನೋಡಿ," ಅಂತ ಡಾಕಿನ್ನನ ಕೈಗೆ ಟಾರ್ಚು ಕೊಟ್ಟೆ. ಅವನು ದಪ್ಪ ಮನುಷ್ಯ, ಉಸ್ಸಪ್ಪಾ ಅಂತ ಬಗ್ಗಿದ. ತುಂಬಾ ಹೊತ್ತು ಬಗ್ಗಿಯೇ ಇದ್ದ.

"ಸ್ನೇತ್, ಈ ಕಾರಲ್ಲಿ ಬ್ರೇಕು ಎಲ್ಲಿರ್ಬೇಕು?"

"ಬಲಗಡೆ. ಆದ್ರೆ ಈಗ—"

"ಬಲಗಡೆನೇ ಇದೆಯಲ್ರೀ."

ಅವನನ್ನು ತಳ್ಳಿಕೊಂಡು ನಾನೇ ನುಗ್ಗಿದೆ. ಎಡಗಡೆ ಕ್ಲಚ್ಚು. ಬಲಗಡೆ, ಅಗಲ ತಟ್ಟೆಯ ಬ್ರೇಕು. ಮಧ್ಯದಲ್ಲಿ, ತೋಳು ಬಾಗಿದ ಆಕ್ಸಿಲರೇಟರು. ಮೂವತ್ತು ವರ್ಷದಿಂದ ಹೇಗಿತ್ತೋ ಹಾಗೆ.

"ಬದಲಾಯಿಸಿದಾನೆ! ಈಗ, ಈ ಮುಕ್ಕಾಲು ಗಂಟೇಲಿ ಬದಲಾಯಿಸಿದಾನೆ!" ನಾನು ಕೂಗಾಡಿದೆ. "ಬೋಲ್ಟಿನ ತಲೆ ನೋಡಿ, ಹೊಸ ಗೀರು ಬಿದ್ದಿದೆ!"

"ಗೀರು ಇದೆ," ಅಂದ ಡಾಕಿನ್. ಪೆಡಲುಗಳ ಕೆಳಗಿನಿಂದ ಒಂದು ಸ್ಪ್ಯಾನರು ಎತ್ತಿ ತೋರಿಸಿದ. ಹಿಡಿಯ ಮೇಲೆ ವಿ.ಸ್ನೇ. ಅಂತ ನಾನೇ ಕೊರೆದ ಅಕ್ಷರ. "ಇದು ನಿಮ್ಮದು. ಬೆಳಗ್ಗಿಂದ ಇದರೊಳಗೆ ಇದ್ದೋರೂ ನೀವೇ."

"ಅಯ್ಯೋ, ಅಲ್ಲ—"

"ನಾನಂತೂ ವಿಮಾನ ಒರೆಸ್ತಿದ್ದೆ," ಅಂದ ಲಯನೆಲ್. ಕೈ ತೋರಿಸಿದ. ಸೋಪು ಹಾಕಿ ತೊಳೆದ ಕೈ. "ಪಾಪ, ಬೆಳಗ್ಗೆಯಿಂದ ಒಬ್ಬರೇ ಮಾತಾಡ್ಕೊಂಡು ಅಳ್ತಿದ್ರು ಯಜಮಾನ್ರು. ಥೆಲ್ಮಾನ ಉಳಿಸ್ಬೇಕು ಅಂತ ತುಂಬಾ ಆಸೆ ಅವರಿಗೆ."

ನನಗೆ ಅವನ ಕುತ್ತಿಗೆಗೆ ಕೈ ಹಾಕುವ ಹಾಗಾಯಿತು. ಆದರೆ ಯಾಕೆ ಗಾಬರಿಯಾಗಬೇಕು? ಸಾಕ್ಷಿ ಪೆಡಲೊಂದೇ ಅಲ್ಲವಲ್ಲ. ಶುಕ್ರವಾರ ಸಂಜೆ ತನ್ನ ಕೈಯಾರೆ ಬದಲಿಸಿದವಳು ಇಲ್ಲೇ, ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದಾಳೆ.

"ಅವಳನ್ನೇ ಕೇಳಿ," ಅಂದೆ. "ಥೆಲ್ಮಾ, ಹೇಳಮ್ಮ. ನಿನಗಿನ್ನು ಭಯ ಇಲ್ಲ. ಬಟ್ಟೆ ನೀನು ಕಟ್ಟಿದ್ದೆ, ನಿನ್ನ ಕೆಲಸ ನೀನು ಮಾಡಿದ್ದೆ. ಅಷ್ಟು ಹೇಳು ಸಾಕು, ನಾಳೆ ನೀನು ಮನೆಗೆ ಹೋಗ್ತೀಯ."

ಡಾಕಿನ್ ಪುಸ್ತಕ ತೆಗೆದ. "ಮಿಸ್ ಗ್ರಿಗ್ಸ್, ಶುಕ್ರವಾರ ಈ ಕಾರಿನ ಪೆಡಲುಗಳನ್ನ ನೀವು ಬದಲಾಯಿಸಿದ್ರಾ?"

ಥೆಲ್ಮಾ ಮೇಲಂಗಿಯ ಜೇಬಿನೊಳಗೆ ಎರಡೂ ಕೈ ಇಟ್ಟುಕೊಂಡಳು.

"ಇಲ್ಲ," ಅಂದಳು.

"ಥೆಲ್ಮಾ!"

"ಪೆಡಲು ಯಾರೂ ಮುಟ್ಟಿಲ್ಲ. ಬಟ್ಟೆ ಗಿಟ್ಟೆ ಯಾವುದೂ ಇರಲಿಲ್ಲ. ವಿಲ್ಫ್ ಒಳ್ಳೇ ಮನುಷ್ಯ, ನನಗೋಸ್ಕರ ಕಟ್ಟಿ ಹೇಳ್ತಿದಾನೆ." ಕಲಿತು ಬಂದ ಪಾಠದ ಹಾಗೆ ಒಂದು ಮಾತೂ ತಪ್ಪಲಿಲ್ಲ. "ಸ್ಪ್ರಿಂಗ್ ನಾನೇ ಸರಿಯಾಗಿ ಹಾಕಿರಲಿಲ್ಲ. ಆಬ್ರಿ ಸತ್ತಿದ್ದು ನನ್ನಿಂದ. ಬರ್ಕೊಳ್ಳಿ, ಸಹಿ ಹಾಕ್ತೀನಿ."

ಹೇಳುವಾಗ ಅವಳು ನನ್ನ ಕಡೆ ನೋಡಲಿಲ್ಲ, ಇನ್‌ಸ್ಪೆಕ್ಟರ್ ಕಡೆಗೂ ನೋಡಲಿಲ್ಲ. ನೋಡುತ್ತಿದ್ದದ್ದು ಲಯನೆಲ್‌ನನ್ನು. ಹೇಳಿದ್ದು ಸಾಕಾ ಅಂತ ಕೇಳುವವಳ ಹಾಗೆ ನೋಡುತ್ತಿದ್ದಳು. ಒಂಬತ್ತು ದಿನ ಅವಳು ಬಾಯಿ ಹೊಲಿದುಕೊಂಡು ಕೂತದ್ದು ಹೆದರಿ ಅಲ್ಲ, ಅವನನ್ನು ಉಳಿಸಲು ಅಂತ ಆಗ ನನ್ನ ಮಂಡೆಗೆ ಹೊಳೆಯಿತು. ಅವನು ಸಾಕು ಅಂತ ತಲೆಯಾಡಿಸಿದ.